ಹಿಮ್ಮಡಿ

ಮೊದಲು ಬಂದದ್ದು ನನ್ನ ಬಾಯಿ.
ಬೆಂಗಳೂರು ರೋಡು, ಸೀರೆ ಅಂಗಡಿ ಮೆಟ್ಟಿಲು,
ಗಾಡಿ ತುಂಬಿಸಿ ಕಳಿಸಿ, ಕೈಗವಸು ಕಳಚಿ ಪಕ್ಕಕ್ಕಿಟ್ಟು
ಒಗ್ಗಾಣಿ ಮಿರ್ಚಿ ತಿಂತಿದ್ದೆ.
ಮಿರ್ಚಿಗೆ ಬಾಯಿ ತೆರೆದ ಗಳಿಗೆನೇ ಅವನಿಗೆ ಸಿಕ್ತು.
ಕೆಳಗೆ ಏನೋ ಬರೆದಿದ್ದ. ನಗೋ ಮುಖ ಮೂರು.
ನನಗೆ ಓದಾಕೆ ಬರಂಗಿಲ್ಲ.
ಮಗಳು ಓದಿದಳು, ಅರ್ಧಕ್ಕೇ ನಿಲ್ಲಿಸಿದಳು.
ಉಳಿದರ್ಧ ಅವಳ ಮುಖದ ಮೇಲಿತ್ತು.

ಹಾಕಿದೋನು ಗಾದಿಲಿಂಗ, ಅದೇ ಅಂಗಡಿ ಹುಡುಗ.
ಗಿರಾಕಿ ಮುಂದೆ ತಾನೇ ಸೀರೆ ಉಟ್ಟು ತೋರಿಸೋನು.
ದಿನಾ ಶಟರ್ ಎತ್ತುವಾಗ 'ಅಮ್ಮಾ, ಇದೊಂಚೂರು' ಅಂತ
ಒಳಗಿನ ಕಸ ಹೊರಗೆ ತಳ್ಳೋನು. ನಾನು ಬಳಕೊಂಡು ಹೋಗ್ತಿದ್ದೆ.
ಒಂದ್ಸಲ ಡ್ಯಾಮೇಜ್ ತುಂಡು ಕೊಟ್ಟಿದ್ದ, ಮಗಳ ಲಂಗಕ್ಕೆ.
ಇದನ್ನ ಯಾರಿಗೂ ಹೇಳಿಲ್ಲ.
ಯಾರೂ ಕೇಳಲೂ ಇಲ್ಲ.

ಎರಡು ದಿನಕ್ಕೆ ಊರೆಲ್ಲ ನನ್ನ ಬಾಯಿ.
ಕೌಲ್ ಬಜಾರ್‌ನಾಗೆ ಜೀನ್ಸ್ ಹೊಲಿಯೋ ತಂಗಿ ಫೋನು ಮಾಡಿ ಅತ್ತಳು.
ತೋರಣಗಲ್ಲಿಂದ ಯಾರೋ, ಸಿರುಗುಪ್ಪದಿಂದ ಯಾರೋ,
ಮುಖ ಗೊತ್ತಿಲ್ಲದೋರು ನನ್ನ ಪರ ಕುದ್ದರು.
ಕುದಿಯೋರೂ ಫೋಟೋ ಹಾಕೇ ಕುದಿತಿದ್ರು.
ಒಬ್ಬೊಬ್ಬರು ನನ್ನ ಮರ್ಯಾದೆ ಉಳಿಸಿದಾಗಲೂ
ನನ್ನ ಬಾಯಿ ಮತ್ತೊಂದ್ಸಲ ತೆರೀತಿತ್ತು.

ಮೂರನೇ ದಿನ ಹತ್ತು ಬೈಕು.
'ಸುಂಕಮ್ಮಾ, ನಡಿ' ಅಂದ್ರು. ಪೊರಕೆ ಹಿಡಿದೇ ಹೋದೆ.
ಅಂಗಡಿ ಮುಂದೆ ಕುರ್ಚಿ ಹಾಕಿದ್ರು, ಕೆಂಪು ಪ್ಲಾಸ್ಟಿಕ್ಕು.
ಆರು ವರ್ಷ ಗುಡಿಸಿದ ಜಾಗ,
ಕುರ್ಚಿ ಮೇಲೆ ಕೂತದ್ದು ಅವತ್ತೇ.
ಅವನನ್ನ ಒಳಗಿಂದ ತಂದರು, ಕಾಲರು ಯಾರದೋ ಕೈಯಾಗೆ.
ಸಾಹುಕಾರ್ರು ಎಲ್ಲರಿಗೂ ಕೇಳೋ ಹಂಗೆ ಹೇಳಿದ್ರು,
ಇವತ್ತಿಂದ ಇವನಿಗೂ ನಮ್ಮ ಅಂಗಡಿಗೂ ಸಂಬಂಧ ಇಲ್ಲ.
ಹೇಳಿ, ಫೋನು ಹಿಡಿದ ಹುಡುಗನ ಕಡೆ ನೋಡಿದ್ರು: 'ಬಂತಾ?'
ಬೋರ್ಡು ಬಂದಿರಲಿಲ್ಲ.
ಸ್ವಲ್ಪ ಎಡಕ್ಕೆ ಸರಿದು ಮತ್ತೆ ಹೇಳಿದ್ರು.

ಕಾಲು ಹಿಡಿ ಅಂದ್ರು ಅವನಿಗೆ.
ನನ್ನ ಚಪ್ಪಲಿ ಬಿಡಬೇಕೋ ಬೇಡವೋ ತಿಳೀಲಿಲ್ಲ,
ಯಾರೋ ಬಿಡಿಸಿದ್ರು.
ಒಡೆದ ಹಿಮ್ಮಡಿ. ಒಡಕಿನಾಗೆ
ಸಂಡೂರು ಲಾರಿ ಉದುರಿಸಿ ಹೋದ ಕೆಂಪು,
ಕಲ್ಲು ತಗೊಂಡು ತಿಕ್ಕಿದರೂ ಹೋಗದ್ದು.
ಗಂಡನಿಗೂ ಕಾಣದಂಗೆ ಸೀರೆಯೊಳಗೆ ಎಳಕೊಳ್ಳೋ ಕಾಲು
ಇಪ್ಪತ್ತು ಫೋನಿನ ಮುಂದೆ ಬಯಲಾಯ್ತು.
ಅವನ ಕೈ ಬೆವತಿತ್ತು. ಸೀರೆ ಮಡಚೋ ಕೈ, ಮೆತ್ತಗೆ.
ಬೆವರು ಒಡಕಿಗೆ ತಾಗಿ ಉರೀತು, ಮುಖ ಕಿವುಚಿದೆ.
'ನೋಡ್ರಿ, ಇನ್ನೂ ಸಿಟ್ಟು ಇಳಿದಿಲ್ಲ' ಅಂದ ಒಬ್ಬ.
ಕ್ಷಮಿಸಿದೆ ಅನ್ನು ಅಂದ್ರು ಇತ್ಲಾಗಿನೋರು.
ಅನ್ನಬೇಡ ಅಂದ್ರು ಅತ್ಲಾಗಿನೋರು.
ನನಗೆ ಬಾಯಿ ತೆರೆಯಾಕೇ ಭಯ,
ಮತ್ತೆ ಸಿಕ್ಕಿಬಿಟ್ರೆ?

ಈಗ ನನಗೆ ಬ್ರೂಸ್‌ಪೇಟೆ ಕಡೆ ವಾರ್ಡು.
ಗಲಾಟೆ ಬೇಡಮ್ಮಾ ಅಂತ ಮೇಸ್ತ್ರಿ ಬದಲಾಯಿಸಿದ.
ತಿನ್ನುವಾಗ ಗೋಡೆ ಕಡೆ ತಿರುಗ್ತೀನಿ.

ನಿನ್ನೆ ಮಾರ್ಕೆಟ್ ಯಾರ್ಡಿನಾಗೆ ಅವನನ್ನ ಕಂಡೆ.
ಒಣಮೆಣಸಿನ ಚೀಲ, ಮೂಗಿಗೆ ಟವಲ್ಲು.
ಗುರುತು ಹಿಡಿದದ್ದು ಕೈಯಿಂದ:
ಖಾಲಿ ಗೋಣಿನೂ ಅಂಚಿಗೆ ಅಂಚು ಕೂಡಿಸಿ
ರೇಷ್ಮೆ ಥರ ಮಡಚಿ ಇಡ್ತಿದ್ದ.
ಅವನೂ ನೋಡಿದ. ಮೊದಲು ನೋಡಿದ್ದು ನನ್ನ ಕಾಲು.

ಬೈಯೋದಿತ್ತು ನನಗೆ.
ಬೈಕಿನೋರು ತೀರಿಸಿಕೊಂಡು ಹೋದದ್ದು ಅವರ ಸಿಟ್ಟು,
ನನ್ನದು ಗಂಟು ಬಿಚ್ಚದೆ ಹಂಗೇ ಐತೆ.
ಮೂರು ನಗೋ ಮುಖ ಯಾಕೋ, ಒಂದು ಸಾಲದಿತ್ತೇನೋ
ಅಂತ ಕೇಳೋದಿತ್ತು. ಆ ಲಂಗ ಇನ್ನೂ ಐತೆ ಅಂತನೂ.

ಎರಡು ಹೆಜ್ಜೆ ಇಟ್ಟೆ.
ಅಷ್ಟರಾಗೆ ಯಾರೋ ಚೀಲ ಸುರುವಿದ್ರು, ಘಾಟು ಎದ್ದಿತು.
ಅವನೂ ಸೀನಿದ, ನಾನೂ ಸೀನಿದೆ,
ಕಣ್ಣು ಮೂಗು ಸುರಿಸಿಕೊಂಡು, ಇಷ್ಟಗಲ ಬಾಯಿ ತೆಗೆದು.
ಹಮಾಲರೂ ಸೀನ್ತಿದ್ರು,
ಯಾರ ಕೈಯೂ ಖಾಲಿ ಇರಲಿಲ್ಲ.